ಬಾಳೆತೋಟದ ನಡುವಿನ ಸಭೆ

ಕಿಲಿಮಂಜಾರೋ ಶಿಖರ ಪೂರ್ತಿಯಾಗಿ ಕಾಣಬೇಕಾದರೆ ಬೆಳಗಿನ ಜಾವದಲ್ಲೇ ಎದ್ದು ನೋಡಬೇಕು. ಬಿಸಿಲೇರುತ್ತಿದ್ದಂತೆ 5,895 ಮೀಟರ್ ಎತ್ತರದ ಆ ಹಿಮದ ನೆತ್ತಿಯನ್ನು ಮೋಡ ಮುಚ್ಚಿಬಿಡುತ್ತದೆ. ಕೆಳಗೆ, ದಕ್ಷಿಣದ ಇಳಿಜಾರಿನ ಉದ್ದಕ್ಕೂ ಬಾಳೆತೋಟಗಳು. ಬಾಳೆಯ ನೆರಳಲ್ಲಿ ಕಾಫಿ, ಕಾಫಿಯ ಬುಡದಲ್ಲಿ ಕೆಸು, ಗೆಣಸು. ತೋಟದ ನಡುವೆ ಮನೆ, ಮನೆಯ ಪಕ್ಕದಲ್ಲೇ ಅಜ್ಜ, ಮುತ್ತಜ್ಜರ ಸಮಾಧಿ. ಚಗ್ಗಾ ಜನ ಇದನ್ನು ಕಿಹಂಬಾ ಎನ್ನುತ್ತಾರೆ. ಕೊಡಗನ್ನೋ ಮಲೆನಾಡನ್ನೋ ಕಂಡ ಕಣ್ಣಿಗೆ ಈ ಹಸಿರು ಹೊಸದೆನಿಸುವುದಿಲ್ಲ; ಮೇಲಿನ ಹಿಮವೊಂದೇ ಹೊಸದು.

ತೋಟದ ಕಾಲುದಾರಿಯಲ್ಲಿ ಖಾಂಗಾ ಬಟ್ಟೆ ಹೊದ್ದ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ. ಹಿಂದೆ ಕೋಲೂರುವ ಒಬ್ಬ ಮುದುಕ, ಶಾಲೆಯ ಸಮವಸ್ತ್ರ ತೊಟ್ಟ ಇಬ್ಬರು ಹುಡುಗಿಯರು. ಬಾಗಿಲಲ್ಲಿ “ಬ್ವಾನಾ ಅಸಿಫಿವೆ” ಎನ್ನುತ್ತಾರೆ, ಕರ್ತನಿಗೆ ಸ್ತೋತ್ರ ಎಂದು. ಒಳಗಿನವರು “ಆಮಿನಾ” ಎಂದು ಜಾಗ ಬಿಡುತ್ತಾರೆ. ಕಸೂತಿಯ ಬಟ್ಟೆ ಹೊದಿಸಿದ ಸೋಫಾ, ಪಕ್ಕದ ಮನೆಯಿಂದ ತಂದ ಪ್ಲಾಸ್ಟಿಕ್ ಕುರ್ಚಿಗಳು, ಮಣೆಗಳು. ಹತ್ತು ಹನ್ನೆರಡು ಮಂದಿಗೆ ಕೋಣೆ ತುಂಬುತ್ತದೆ. ಲೂಥರನ್ ಸಭೆಯ ಒಂದು ‘ಜುಮುಯಾ’ ಇದು: ಅಕ್ಕಪಕ್ಕದ ಕೆಲವು ಮನೆಗಳವರು ವಾರಕ್ಕೊಮ್ಮೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುವ ಕೂಟ. ಪಾದ್ರಿಯವರು ಇರುವುದಿಲ್ಲ. ಅವರಿಗೆ ನೋಡಿಕೊಳ್ಳಲು ಇಂಥ ಕೂಟಗಳು ಎಷ್ಟೋ ಇರುತ್ತವೆ.

ಪುಸ್ತಕ ತೆರೆಯದೆಯೇ ಹಾಡು ಶುರುವಾಗುತ್ತದೆ. ಸತ್ಯವೇದದಿಂದ ಒಂದು ಭಾಗವನ್ನು ಹುಡುಗಿಯೊಬ್ಬಳು ಓದುತ್ತಾಳೆ. ಅದರ ಮೇಲೆ ಮಾತು, ಆಮೇಲೆ ಪ್ರಾರ್ಥನೆ, ಸಣ್ಣ ಬುಟ್ಟಿಯಲ್ಲಿ ಕಾಣಿಕೆ. ಇಷ್ಟಾದ ಮೇಲೆ ಕಾರ್ಯದರ್ಶಿ ಹೆಂಗಸು ನೋಟ್‌ಬುಕ್ ಬಿಚ್ಚುತ್ತಾಳೆ. ಕೂಟದ ನಿಜವಾದ ತಿರುಳು ಇರುವುದು ಆ ನೋಟ್‌ಬುಕ್ಕಿನಲ್ಲಿ ಎಂದು ನನಗೆ ಅನಿಸುತ್ತದೆ.

“ಬಿಬಿ ಯಾಕೆ ಬಂದಿಲ್ಲ?” ಬಿಬಿ ಎಂದರೆ ಅಜ್ಜಿ.

“ಮಂಡಿ ನೋವಂತೆ. ನಿನ್ನೆಯಿಂದ ಎದ್ದೇ ಇಲ್ಲ.”

“ಹಾಗಾದ್ರೆ ಹಸುವಿಗೆ ಹುಲ್ಲು?”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈ ಬೆಟ್ಟದಲ್ಲಿ ಹಸುವನ್ನು ಮೇಯಲು ಬಿಡುವಷ್ಟು ಜಾಗವಿಲ್ಲ. ಕೊಟ್ಟಿಗೆಯಲ್ಲೇ ಕಟ್ಟಿ ಸಾಕುತ್ತಾರೆ. ಮೇವನ್ನು ದೂರದಿಂದ ತಲೆಯ ಮೇಲೆ ಹೊತ್ತು ತರುವುದು ಹೆಂಗಸರ ಪಾಲಿನ ದುಡಿತ. ಕಡೆಗೊಬ್ಬಳು ಪಕ್ಕದವಳನ್ನು ‘ಮಾಮಾ’, ಅಂದರೆ ಅಮ್ಮ, ಎಂದು ಕರೆದು ಹೇಳುತ್ತಾಳೆ: “ಇವತ್ತು ನಾನು ಒಂದು ಹೊರೆ ಹೆಚ್ಚಿಗೆ ತರ್ತೀನಿ. ನಾಳೆಯದು ನೀನು ನೋಡ್ಕೋ, ಮಾಮಾ.” ಅದು ನೋಟ್‌ಬುಕ್ಕಿಗೆ ಏರುತ್ತದೆ. ಬಾಣಂತಿಯ ಮನೆಗೆ ಯಾರು ಹೋಗುವುದು, ಎರಡು ಭಾನುವಾರ ಚರ್ಚಿನಲ್ಲಿ ಕಾಣದ ತರುಣನನ್ನು ಯಾರು ಮಾತಾಡಿಸುವುದು, ಅದೂ ಏರುತ್ತದೆ. ಬೆಳಗಿನ ಆರೂವರೆಗೆ ಶಿಷ್ಯತ್ವ ಎಂಬ ದೊಡ್ಡ ಮಾತು ಹೀಗೆ ಒಂದು ಹೊರೆ ಹುಲ್ಲಾಗಿ ಎಲ್ಲರ ಕೈಗೆ ಎಟಕುತ್ತದೆ.

ಜಗತ್ತಿನ ಲೂಥರನ್ ಸಭೆಗಳ ದೊಡ್ಡ ಚಿಂತೆಯೊಂದಿದೆ. ಹೆಸರು ದಾಖಲೆಯಲ್ಲಿದೆ, ಮನುಷ್ಯ ಮಾತ್ರ ಬರುವುದಿಲ್ಲ. ಲೂಥರ್ ಹುಟ್ಟಿದ ಜರ್ಮನಿಯಲ್ಲಿ ಸದಸ್ಯನ ಆದಾಯ ತೆರಿಗೆಯ ಶೇ. 8ರಷ್ಟನ್ನೋ 9ರಷ್ಟನ್ನೋ ಚರ್ಚ್ ತೆರಿಗೆಯೆಂದು ಸರ್ಕಾರವೇ ವಸೂಲಿ ಮಾಡಿ ಸಭೆಗೆ ಒಪ್ಪಿಸುತ್ತದೆ. ಸದಸ್ಯ ಚರ್ಚಿನ ಮೆಟ್ಟಿಲು ಹತ್ತದೆಯೂ ವ್ಯವಸ್ಥೆ ನಡೆಯುತ್ತದೆ. ಬೇಸರವಾದವನು ಕಚೇರಿಗೆ ಹೋಗಿ ಹೆಸರು ತೆಗೆಸಿ ಬರುತ್ತಾನೆ. ಈ ಬೆಟ್ಟವಿರುವ ತಾಂಜಾನಿಯಾದ ಲೂಥರನ್ ಸಭೆಯಲ್ಲಿ ಈಗ 60 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಅವರ ಪರವಾಗಿ ಯಾವ ಸರ್ಕಾರವೂ ಒಂದು ಶಿಲಿಂಗ್ ಎತ್ತಿಕೊಡುವುದಿಲ್ಲ. ಇಲ್ಲಿನ ಸಭೆಯನ್ನು ಎತ್ತಿ ನಿಲ್ಲಿಸಿರುವುದು ಮನೆಯಿಂದ ನಡೆದು ಬರುವ ಕಾಲುಗಳು.

ಭಾನುವಾರ ಆ ಕಾಲುಗಳನ್ನು ನೋಡಬೇಕು. ಸ್ವಾಹಿಲಿ ಲೆಕ್ಕದಲ್ಲಿ ನಮ್ಮ ಬೆಳಗಿನ ಏಳು ಗಂಟೆ ಎಂದರೆ ದಿನದ ಮೊದಲನೇ ಗಂಟೆ. ಆ ಹೊತ್ತಿಗೆ ಮೊದಲ ಆರಾಧನೆಯ ಗಂಟೆ ಬಾರಿಸಿದಾಗ ಇಳಿಜಾರಿನ ದಾರಿಗಳೆಲ್ಲ ತುಂಬಿರುತ್ತವೆ. ಹಳೆಯ ಚರ್ಚು, ಕಲ್ಲಿನ ಗೋಡೆ, ತಗಡಿನ ಮಾಡು. ಮಳೆ ಬಂದರೆ ಪ್ರಸಂಗ ಕೇಳಿಸುವುದಿಲ್ಲ, ಹಾಡು ಮಾತ್ರ ಕೇಳಿಸುತ್ತದೆ. ಜರ್ಮನಿಯಿಂದ ಬಂದ ಹಳೆಯ ರಾಗಗಳು ಇಲ್ಲಿನ ಗಂಟಲಲ್ಲಿ ಪಳಗಿ ಬೇರೆಯೇ ಭಾರ ಪಡೆದಿವೆ. ಒಂದು ಸಭೆಗೆ ಒಂದೇ ಗಾಯನ ತಂಡ ಸಾಲುವುದಿಲ್ಲ. ಹಿರಿಯರದೊಂದು, ಯುವಕರದೊಂದು, ತಾಯಂದಿರದೊಂದು. ಕೆಲವೆಡೆ ಹಿತ್ತಾಳೆಯ ತುತ್ತೂರಿಗಳ ಮೇಳವೂ ಉಂಟು. ಪ್ರತಿಯೊಂದು ತಂಡಕ್ಕೂ ಒಂದೇ ಬಗೆಯ ಕಿಟೆಂಗೆ ಬಟ್ಟೆಯ ಉಡುಪು.

ಕಾಣಿಕೆಯ ಹೊತ್ತು ಬಂದಾಗ ತಟ್ಟೆ ಯಾರ ಬಳಿಗೂ ಬರುವುದಿಲ್ಲ. ಜನರೇ ಬೆಂಚು ಬೆಂಚಾಗಿ ಎದ್ದು, ಹಾಡುತ್ತ, ಮುಂದೆ ಇಟ್ಟ ಪೆಟ್ಟಿಗೆಯ ತನಕ ನಡೆಯುತ್ತಾರೆ. ವರ್ಷಕ್ಕೆ ಇಷ್ಟು ಕೊಡುತ್ತೇನೆಂದು ಮಾತು ಕೊಟ್ಟವರ ಕೈಯಲ್ಲಿ ನಂಬರು ಬರೆದ ಲಕೋಟೆ. ದುಡ್ಡಿಲ್ಲದವರು ಮನೆಯಲ್ಲಿದ್ದದ್ದನ್ನು ತಂದಿರುತ್ತಾರೆ. ಬಲಿಪೀಠದ ಪಕ್ಕದಲ್ಲಿ ಬಾಳೆಗೊನೆ, ಬೆಣ್ಣೆಹಣ್ಣು, ಒಂದು ಶೀಸೆ ಹಾಲು, ಕಾಗದದಲ್ಲಿ ಸುತ್ತಿದ ಮೂರು ಮೊಟ್ಟೆ, ಕಾಲು ಕಟ್ಟಿದ ಕೋಳಿ. ಕೋಳಿ ಪ್ರಸಂಗದ ನಡುವೆ ಒಮ್ಮೊಮ್ಮೆ ಕೂಗುತ್ತದೆ. ಯಾರೂ ತಿರುಗಿ ನೋಡುವುದಿಲ್ಲ.

ಆರಾಧನೆ ಮುಗಿದರೂ ಜನ ಮನೆಗೆ ಹೋಗುವುದಿಲ್ಲ. ಹಾಡುತ್ತ ಹೊರಬಂದು ಅಂಗಳದಲ್ಲಿ ಸುತ್ತುಗಟ್ಟಿ ನಿಲ್ಲುತ್ತಾರೆ. ಕಳೆದ ವಾರ ಎಷ್ಟು ಕಾಣಿಕೆ ಬಂತೆಂದು ಎಲ್ಲರಿಗೂ ಕೇಳುವಂತೆ ಹೇಳಲಾಗುತ್ತದೆ. ಆಮೇಲೆ ‘ಮ್ನಾದಾ’, ಹರಾಜು. ಸಭಾ ಹಿರಿಯನೊಬ್ಬ ಮೊಟ್ಟೆಯ ಪೊಟ್ಟಣ ಎತ್ತಿ ಹಿಡಿಯುತ್ತಾನೆ.

“ಮೂರು ಮೊಟ್ಟೆ! ಸಾವಿರ ಶಿಲಿಂಗ್ ಯಾರು?”

“ಸಾವಿರ.”

“ಸಾವಿರದೈನೂರು!”

“ಎರಡು ಸಾವಿರ. ಕೊಂಡದ್ದನ್ನು ಆ ಅಜ್ಜಿಗೇ ಕೊಡಿ, ಮ್ಜೇ.” ಮ್ಜೇ ಎಂದರೆ ಹಿರಿಯ.

ಅಂಗಡಿಯ ಬೆಲೆಗೂ ಇಲ್ಲಿಯ ಬೆಲೆಗೂ ಸಂಬಂಧವಿಲ್ಲ. ಕೊಂಡವರು ಅದನ್ನು ವಿಧವೆಗೋ ಪಾದ್ರಿಯ ಮನೆಗೋ ದೂರದಿಂದ ಬಂದ ಅತಿಥಿಗೋ ಕೊಡಿಸಿಬಿಡುತ್ತಾರೆ. ಕೆಲವೊಮ್ಮೆ ಅದೇ ಗೊನೆ ಮರಳಿ ಹರಾಜಿಗೆ ಬರುತ್ತದೆ. ನಮ್ಮ ಕರಾವಳಿಯ ಸಿ.ಎಸ್.ಐ. ಸಭೆಗಳಲ್ಲಿ ಬೆಳೆಯ ಹಬ್ಬದ ದಿನ ತೆಂಗಿನಕಾಯಿ, ಕುಂಬಳಕಾಯಿಗಳನ್ನು ಏಲಂ ಹಾಕುವುದನ್ನು ಕಂಡವರು ಈ ಅಂಗಳದ ಗದ್ದಲವನ್ನು ಊಹಿಸಿಕೊಳ್ಳಬಲ್ಲರು. ಅಲ್ಲಿ ವರ್ಷಕ್ಕೊಮ್ಮೆ ನಡೆಯುವುದು ಇಲ್ಲಿ ವಾರದ ರೂಢಿ. ಮೂರು ಮೊಟ್ಟೆ ತಂದ ಮುದುಕಿಯ ಕಾಣಿಕೆಯನ್ನು ಇಡೀ ಊರು ಎತ್ತಿ ಹಿಡಿದು ನೋಡಿ, ಅದಕ್ಕೆ ಬೆಲೆ ಕಟ್ಟಿ, ಬೆಲೆ ಏರಿಸಿ, ನಗುತ್ತ ಸ್ವೀಕರಿಸುತ್ತದೆ. ಹೀಗೆ ಸ್ವೀಕರಿಸಿದ ಸಭೆಯನ್ನು ಆಕೆ ಯಾಕೆ ಬಿಟ್ಟುಹೋಗುತ್ತಾಳೆ?

ಜನರನ್ನು ಸಭೆಗೆ ಬೆಸೆಯುವ ಈ ಹೆಣಿಗೆ ತನ್ನಷ್ಟಕ್ಕೆ ಆದದ್ದಲ್ಲ. ಜರ್ಮನಿಯ ಲೈಪ್‌ಜಿಗ್ ಮಿಶನ್ ಈ ಬೆಟ್ಟಕ್ಕೆ ಬಂದದ್ದು 1893ರಲ್ಲಿ. ತಮಿಳುನಾಡಿನ ತರಂಗಂಬಾಡಿಯಲ್ಲಿ ಕೆಲಸ ಮಾಡುತ್ತಿದ್ದ ಮಿಶನ್ನೂ ಅದೇ. 1902ರಲ್ಲಿ ಅದು ಕಳಿಸಿದ ಬ್ರೂನೋ ಗುಟ್‌ಮನ್ ಮುಂದೆ ಹಳೆ ಮೋಶಿಯ ಕಿದಿಯಾದಲ್ಲಿ ನೆಲೆಸಿ ಚಗ್ಗಾ ಜನರ ನ್ಯಾಯ, ನೀತಿ, ಹಿರಿಯರ ಉಪದೇಶಗಳನ್ನು ಕೇಳಿ ಕೇಳಿ ಸಂಪುಟಗಟ್ಟಲೆ ಬರೆದಿಟ್ಟರು. ಮನುಷ್ಯನನ್ನು ಕುಲದಿಂದ, ನೆರೆಹೊರೆಯಿಂದ, ಒಂದೇ ಪ್ರಾಯದ ಗೆಳೆಯರಿಂದ ಕಿತ್ತು ತೆಗೆದು ಒಂಟಿಯಾಗಿ ಕ್ರೈಸ್ತನನ್ನಾಗಿ ಮಾಡುವುದು ಅವನಿಗೆ ಮಾಡುವ ಅನ್ಯಾಯ ಎಂಬುದು ಅವರು ಕಂಡುಕೊಂಡ ಮಾತು. ಈ ಮೂರು ನಂಟುಗಳ ಮೇಲೆಯೇ ಅವರು ಸಭೆ ಕಟ್ಟಿದರು. ನೆರೆಹೊರೆಗೊಬ್ಬ ಹಿರಿಯನನ್ನು ಇಟ್ಟರು. ಬೆಟ್ಟದ ನೀರಿನ ಕಾಲುವೆಗಳನ್ನು ಊರವರು ಕೂಡಿ ತೋಡುವ, ಹೂಳೆತ್ತುವ ಪದ್ಧತಿ ಮೊದಲೇ ಇತ್ತು. ಕೂಡಿ ದುಡಿಯುವ ಆ ಅಭ್ಯಾಸವನ್ನು ಸಭೆಗೆ ತಂದರು. ಹಿಂದೆ ಯುದ್ಧದಲ್ಲಿ ಗುರಾಣಿಗೆ ಗುರಾಣಿ ತಾಗಿಸಿ ನಿಂತ ಒಂದೇ ಪ್ರಾಯದವರ ನೆನಪಿನಲ್ಲಿ, ದೃಢೀಕರಣ ಪಡೆಯುವ ಹುಡುಗರನ್ನು ಸಣ್ಣ ಜೊತೆಗಳಾಗಿ ಬೆಸೆದರು. ಒಬ್ಬ ಎಡವಿದರೆ ಇನ್ನೊಬ್ಬ ಹೊಣೆ.

ಗುಟ್‌ಮನ್‌ರ ಎಲ್ಲವನ್ನೂ ಹೊಗಳಲು ನನಗೆ ಮನಸ್ಸಿಲ್ಲ. ಪೇಟೆಯ ಬದುಕನ್ನೂ ಹೊಸ ವಿದ್ಯೆಯನ್ನೂ ಅವರು ಅನುಮಾನದಿಂದ ನೋಡಿದರು. ಚಗ್ಗಾ ಜನರಿಗಾದರೋ ಶಾಲೆ ಬೇಕಿತ್ತು, ಕಾಫಿಯ ಲಾಭ ಬೇಕಿತ್ತು. 1925ರಲ್ಲಿ ತಮ್ಮದೇ ಕಾಫಿ ಬೆಳೆಗಾರರ ಸಂಘ ಕಟ್ಟಿ ಬಿಳಿಯ ತೋಟಗಾರರಿಗೆ ಎದುರು ನಿಂತರು. ಆದರೂ ಗುಟ್‌ಮನ್ ಕಟ್ಟಿದ ಹೆಣಿಗೆ ಎಷ್ಟು ಗಟ್ಟಿಯೆಂದು ಯುದ್ಧಗಳು ತೋರಿಸಿಕೊಟ್ಟವು. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಬ್ರಿಟಿಷರು ಜರ್ಮನ್ ಮಿಶನರಿಗಳನ್ನು ಹೊರಹಾಕಿದರು. ಮಂಗಳೂರಿನ ಬಾಸೆಲ್ ಮಿಶನ್ನಿನ ಜರ್ಮನ್ನರನ್ನು ಬಂಧನದಲ್ಲಿಟ್ಟದ್ದು, ಅವರ ಹೆಂಚಿನ ಕಾರ್ಖಾನೆಗಳು ಕೈತಪ್ಪಿದ್ದು ಇದೇ ಯುದ್ಧದ ಏಟಿನಿಂದ. ಕಿಲಿಮಂಜಾರೋದಲ್ಲಿ ಪಾದ್ರಿಗಳಿಲ್ಲದ ಆ ವರ್ಷಗಳಲ್ಲಿ ಊರಿನ ಉಪದೇಶಿಗಳು, ಹಿರಿಯರು ಆರಾಧನೆ ನಡೆಸಿದರು, ಮಕ್ಕಳಿಗೆ ಕಲಿಸಿದರು, ಸತ್ತವರನ್ನು ಮಣ್ಣು ಮಾಡಿದರು. ಸಭೆ ಚದುರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಇದೇ ಕಥೆ ಮರುಕಳಿಸಿತು. 1963ರಲ್ಲಿ ಏಳು ಲೂಥರನ್ ಸಭೆಗಳು ಒಂದಾಗಿ ತಾಂಜಾನಿಯಾದ ಸಭೆ ಹುಟ್ಟಿದಾಗ ಅದರ ಮೊದಲ ಮುಖ್ಯಸ್ಥರಾದ ಬಿಷಪ್ ಸ್ಟೆಫಾನೋ ಮೋಶಿ ಈ ಬೆಟ್ಟದ ಮಗನೇ.

ಇಂದಿಗೂ ಭಾನುವಾರದ ಭಾರ ಹೊರುವವರು ಉಪದೇಶಿಗಳು. ಒಂದು ಸಭೆಯ ಕೆಳಗೆ ಹಲವು ಕೇರಿಗಳು, ಕೇರಿಗೊಬ್ಬ ಉಪದೇಶಿ. ಸಂಬಳ ಅಲ್ಪ, ಬಾಳೆತೋಟ ಇರುವುದರಿಂದ ಮನೆ ನಡೆಯುತ್ತದೆ. ಶನಿವಾರ ಬೆಳಿಗ್ಗೆ ಅವನ ಮುಂದೆ ಹನ್ನೆರಡು, ಹದಿಮೂರರ ಮಕ್ಕಳು ಕೂತಿರುತ್ತಾರೆ. ಇದು ‘ಕಿಪಾಯಿಮಾರಾ’, ದೃಢೀಕರಣದ ತರಗತಿ. ಎರಡು ವರ್ಷದ ಪಾಠ. ಕೈಯಲ್ಲಿ ಲೂಥರ್‌ನ ಚಿಕ್ಕ ಕ್ಯಾಟೆಕಿಸಂ. 1528ರ ಸುಮಾರಿಗೆ ಸ್ಯಾಕ್ಸನಿಯ ಹಳ್ಳಿಗಳನ್ನು ಸುತ್ತಿ ಬಂದ ಲೂಥರ್ ಜನರಿಗೂ ಪಾದ್ರಿಗಳಿಗೂ ನಂಬಿಕೆಯ ಮೊದಲ ಅಕ್ಷರಗಳೇ ಗೊತ್ತಿಲ್ಲವೆಂದು ಕಂಡು ಮರುಗಿ, 1529ರಲ್ಲಿ ಅದನ್ನು ಬರೆದ. ಮೊದಲಿಗೆ ಗೋಡೆಗೆ ತೂಗುಹಾಕುವ ಹಾಳೆಗಳಾಗಿ ಅಚ್ಚಾಯಿತು. ಕಲಿಸಬೇಕಾದವನು ಮನೆಯ ಯಜಮಾನ ಎಂಬುದು ಅವನ ಎಣಿಕೆ. ಇಲ್ಲಿಯೂ ಹುಡುಗ ಹತ್ತು ಆಜ್ಞೆಗಳ ಅರ್ಥವನ್ನು ಒಪ್ಪಿಸುವುದು ಮೊದಲು ಒಲೆಯ ಮುಂದೆ ಕೂತ ಅಜ್ಜಿಗೆ. ಅಜ್ಜಿಗೆ ಅದು ಬಾಯಿಪಾಠ. ತಪ್ಪಿದರೆ ಸೌಟು ತಿರುವುತ್ತಲೇ ತಿದ್ದುತ್ತಾಳೆ.

ತರಗತಿಯಲ್ಲಿ ಪಾಠದಷ್ಟೇ ಕೆಲಸವೂ ಇರುತ್ತದೆ: ಅಂಗಳ ಗುಡಿಸುವುದು, ನೀರು ಹೊರುವುದು, ಮುದುಕರ ಮನೆಗೆ ಸೌದೆ ಒಟ್ಟುವುದು. ದೃಢೀಕರಣದ ದಿನ ಬಿಳಿಯ ಉಡುಪಿನಲ್ಲಿ ಸಾಲಾಗಿ ಮೊಣಕಾಲೂರಿದ ಮಕ್ಕಳ ತಲೆಯ ಮೇಲೆ ಪಾದ್ರಿ ಕೈಯಿಡುತ್ತಾರೆ. ಆಮೇಲೆ ಮನೆಯಲ್ಲಿ ಚಪ್ಪರ, ಬಾಳೆಕಾಯಿ ಮತ್ತು ಮಾಂಸದ ಮ್ತೋರಿ, ಇಡಿಯಾಗಿ ಸುಟ್ಟು ಬಾಯಿಗೆ ಸೊಪ್ಪು ಕೊಟ್ಟು ನಿಲ್ಲಿಸಿದ ಆಡು. ಔತಣಕ್ಕೆಂದು ಸಾಲ ಮಾಡುವ ಮನೆಗಳೂ ಇವೆ, ಪಕ್ಕದ ಮನೆಗಿಂತ ದೊಡ್ಡ ಚಪ್ಪರ ಬೇಕೆಂಬ ಹಟವೂ ಇದೆ. ಎರಡು ವರ್ಷ ಕಲಿತ ಮಗುವಿಗೆ ಕೊನೆಯಲ್ಲಿ ನೆನಪುಳಿಯುವುದು ಆಡಿನ ಮಾಂಸವೊಂದೇ ಆದರೆ ದುಃಖದ ಮಾತು.

ಅನೇಕ ದೇಶಗಳಲ್ಲಿ ದೃಢೀಕರಣವೇ ಹುಡುಗರು ಚರ್ಚಿಗೆ ಬರುವ ಕೊನೆಯ ದಿನ. ಇಲ್ಲಿ ಅವರನ್ನು ಹಿಡಿದಿಡುವುದು ಗಾಯನ ತಂಡ. ಮರುವಾರವೇ ಹುಡುಗ ಯುವಕರ ತಂಡದ ಮಧ್ಯಮ ಸ್ವರದಲ್ಲೋ ಮಂದ್ರದಲ್ಲೋ ನಿಲ್ಲುತ್ತಾನೆ. ವಾರದಲ್ಲಿ ಎರಡು ಮೂರು ಸಂಜೆ ಅಭ್ಯಾಸ. ಮಂದ್ರದಲ್ಲಿ ನಾಲ್ವರೇ ಇದ್ದು ಒಬ್ಬ ತಪ್ಪಿಸಿಕೊಂಡರೆ ಹಾಡು ಸೊರಗಿದ್ದು ಎಲ್ಲರ ಕಿವಿಗೂ ಬೀಳುತ್ತದೆ. ‘ನೀನಿಲ್ಲದೆ ಆಗುವುದಿಲ್ಲ’ ಎಂಬುದನ್ನು ಹದಿನಾಲ್ಕರ ಹುಡುಗನಿಗೆ ಇಷ್ಟು ನೇರವಾಗಿ ತಿಳಿಸುವ ಉಪದೇಶ ನನಗೆ ಬೇರೆ ತೋರುವುದಿಲ್ಲ. ಆ ತಂಡದ ಗೆಳೆಯರೇ ನಾಳೆ ಅವನ ಮದುವೆಗೆ ದುಡ್ಡು ಕೂಡಿಸುವವರು, ಅವನ ತಂದೆಯ ಗುಂಡಿ ತೋಡುವವರು.

ಕಿಲಿಮಂಜಾರೋಕ್ಕೆ ಇನ್ನೊಂದು ಗಾಳಿಯೂ ಬೀಸಿತ್ತು. 1930ರ ದಶಕದಲ್ಲಿ ರುವಾಂಡಾದಲ್ಲಿ ಎದ್ದ ಪೂರ್ವ ಆಫ್ರಿಕಾದ ಉಜ್ಜೀವನ ಈ ಬೆಟ್ಟಕ್ಕೂ ತಲುಪಿ, ಜನ ಎದ್ದುನಿಂತು ತಮ್ಮ ಕಳ್ಳತನ, ದ್ವೇಷಗಳನ್ನು ಎಲ್ಲರೆದುರು ಒಪ್ಪಿಕೊಳ್ಳುವ ಕೂಟಗಳು ಹುಟ್ಟಿದವು. ಪಾದ್ರಿಯೂ ಕೂಲಿಯೂ ಒಂದೇ ಬೆಂಚಿನಲ್ಲಿ ಕೂತು ತಪ್ಪು ಹೇಳಿಕೊಂಡರು. ಸಭೆಗಳು ಗಾಬರಿಗೊಂಡರೂ ಈ ಜನರನ್ನು ಹೊರಗೆ ನೂಕಲಿಲ್ಲ. ನೂಕಿದ್ದರೆ ಅವರು ಬೇರೆ ಸಭೆ ಕಟ್ಟಿಕೊಳ್ಳುತ್ತಿದ್ದರು, ಉಳಿದ ಸಭೆ ತಣ್ಣಗಾಗುತ್ತಿತ್ತು.

ಈಗ ನೋಟ್‌ಬುಕ್ಕಿನ ಇನ್ನೊಂದು ಮುಖವನ್ನೂ ಹೇಳಬೇಕು. ಯಾರು ಬಂದಿಲ್ಲ ಎಂದು ಬರೆದುಕೊಳ್ಳುವ ಕೈಯೇ ಯಾರು ಕಾಣಿಕೆ ಕಟ್ಟಿಲ್ಲ ಎಂದೂ ಬರೆದುಕೊಳ್ಳಬಲ್ಲದು. ಮದುವೆಗೆ, ಮಗುವಿನ ಬಾಪ್ತಿಸ್ಮಕ್ಕೆ ಜುಮುಯಾದ ಒಪ್ಪಿಗೆ ಬೇಕೆಂಬ ರೂಢಿ ಇದೆ. ಕೂಟಕ್ಕೆ ಬಾರದವನ, ಕಾಣಿಕೆ ಬಾಕಿ ಉಳಿಸಿದವನ ಶವಸಂಸ್ಕಾರಕ್ಕೆ ಪಾದ್ರಿ ಬರುವರೋ ಇಲ್ಲವೋ ಎಂಬ ಅಳುಕು ಮನೆಮನೆಯ ಮಾತು. ಅಜ್ಜನ ಪಕ್ಕದಲ್ಲಿ, ಸ್ವಂತ ಬಾಳೆಯ ಬುಡದಲ್ಲಿ ಪ್ರಾರ್ಥನೆಯೊಂದಿಗೆ ಮಣ್ಣಾಗಬೇಕೆಂಬುದು ಇಲ್ಲಿನವರ ಎಲ್ಲಕ್ಕಿಂತ ಆಳದ ಆಸೆ. ಅದನ್ನು ಹಿಡಿದು ಹಣ ವಸೂಲಿ ಮಾಡುವುದು ತಪ್ಪು, ಎಷ್ಟೇ ಒಳ್ಳೆಯ ಕೆಲಸಕ್ಕಾದರೂ ತಪ್ಪು. ದೇವರ ಕೃಪೆಯನ್ನು ಕೊಳ್ಳಲು ಬರುವುದಿಲ್ಲ ಎಂದು ಸಾರಿಯೇ ಹುಟ್ಟಿದ ಸಭೆ ಇದು. ಕೃಪೆ ಪುಕ್ಕಟೆಯಾಗಿ ಬಂದದ್ದೇ ಹೊರತು ಅಗ್ಗದ್ದಲ್ಲ ಎಂದು 1937ರಲ್ಲಿ ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಚ್ ಬೋನ್‌ಹಾಫರ್ ಶಿಷ್ಯತ್ವವನ್ನು ಕುರಿತು ಬರೆದ ಪುಸ್ತಕದಲ್ಲಿ ವಾದಿಸಿದರು. ಎಂಟು ವರ್ಷಗಳ ಮೇಲೆ ನಾಜಿಗಳು ಅವರನ್ನು ಗಲ್ಲಿಗೇರಿಸಿದರು. ಅವರು ಕೇಳಿದ ಬೆಲೆ ಮನುಷ್ಯ ತಾನಾಗಿ ತೆರುವ ಬೆಲೆ. ಸತ್ತವನ ಮಕ್ಕಳಿಂದ ಬಾಕಿ ಎಣಿಸಿಕೊಳ್ಳುವುದಕ್ಕೆ ಅದರಲ್ಲಿ ಆಧಾರ ಸಿಗದು.

ಮನೆಯಲ್ಲಿ ಸೇರುವ ಕೂಟದ ಆಸೆ ಲೂಥರ್‌ಗೇ ಇತ್ತು. ಮನಃಪೂರ್ವಕವಾಗಿ ಕ್ರೈಸ್ತರಾಗಬಯಸುವವರು ಹೆಸರು ಬರೆಸಿ ಒಂದು ಮನೆಯಲ್ಲಿ ಪ್ರಾರ್ಥನೆಗೆ, ಓದಿಗೆ, ಬಡವರಿಗೆ ಕೊಡುವುದಕ್ಕೆ ಸೇರಬೇಕೆಂದು 1526ರಲ್ಲೇ ಬರೆದ. ಅದಕ್ಕೆ ತಕ್ಕ ಜನ ತನ್ನ ಬಳಿ ಇನ್ನೂ ಇಲ್ಲವೆಂದೂ ಒಪ್ಪಿಕೊಂಡ. 1670ರ ಹೊತ್ತಿಗೆ ಫ್ರಾಂಕ್‌ಫರ್ಟಿನಲ್ಲಿ ಸ್ಪೇನರ್ ಎಂಬ ಪಾದ್ರಿ ಆ ಕೂಟಗಳನ್ನು ತನ್ನ ಮನೆಯಲ್ಲೇ ಶುರುಮಾಡಿದರು. ಅಲ್ಲಿಂದ ಆ ಪದ್ಧತಿ ವುರ್ಟೆಂಬರ್ಗಿನ ಹಳ್ಳಿಗಳಲ್ಲಿ ಬೇರುಬಿಟ್ಟಿತು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಬಂದದ್ದು ಆ ನೆಲದಿಂದ. ಬಾಸೆಲ್ ಮಿಶನ್ ಪೂರ್ತಿ ಲೂಥರನ್ ಅಲ್ಲದಿದ್ದರೂ ಕನ್ನಡ ಕರಾವಳಿಯ ಮನೆಕೂಟಕ್ಕೂ ಈ ಬಾಳೆತೋಟದ ಕೂಟಕ್ಕೂ ಹಿಂದಿರುವ ಬುಗ್ಗೆ ಒಂದೇ.

ಕಿಹಂಬಾ ತಲೆಮಾರಿನಿಂದ ತಲೆಮಾರಿಗೆ ತುಂಡಾಗುತ್ತ ಈಗ ಕೈಯಗಲವಾಗಿದೆ. ಮಕ್ಕಳು ದಾರ್ ಎಸ್ ಸಲಾಮಿಗೆ ಹೊರಟುಹೋಗುತ್ತಾರೆ. ಡಿಸೆಂಬರಿನಲ್ಲಿ ಬಸ್ಸುಗಳು ಕಿಕ್ಕಿರಿದು ಅವರೆಲ್ಲ ಬೆಟ್ಟಕ್ಕೆ ಮರಳಿದಾಗ ಚರ್ಚಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಹರಾಜಿನಲ್ಲಿ ಒಂದು ಗೊನೆಗೆ ಪಟ್ಟಣದ ದುಡ್ಡು ಸುರಿಯುತ್ತದೆ. ಜನವರಿಯಲ್ಲಿ ಮತ್ತೆ ಮುದುಕರು, ಮಕ್ಕಳು. ಈ ಡಿಸೆಂಬರಿನ ಉತ್ಸಾಹ ನೋಡಿ ಹಿಗ್ಗುವವರ ಸಾಲಿಗೆ ನಾನು ಸೇರಲಾರೆ. ನಿಜವಾದ ಪರೀಕ್ಷೆ ಇರುವುದು ಪಟ್ಟಣದಲ್ಲಿ. ಅಲ್ಲಿ ನೆರೆಯವನ ಭಾಷೆ ಬೇರೆ, ಅವನ ಅಜ್ಜನ ಸಮಾಧಿ ಮತ್ತೆಲ್ಲೋ. ಬೀದಿಯ ಆ ತುದಿಯಲ್ಲಿ ಪೆಂಟೆಕೋಸ್ಟಲ್ ಸಭೆಯ ಧ್ವನಿವರ್ಧಕ ರಾತ್ರಿಯಿಡೀ ಕರೆಯುತ್ತದೆ.

ಪಟ್ಟಣದ ಲೂಥರನ್ ಸಭೆಗಳು ಬೀದಿಯನ್ನೇ ಅಳತೆಗೋಲು ಮಾಡಿಕೊಂಡಿವೆ. ಕುಲ ಕೇಳುವುದಿಲ್ಲ, ಊರು ಕೇಳುವುದಿಲ್ಲ; ಯಾವ ಬೀದಿಯಲ್ಲಿ ಬಾಡಿಗೆಗಿದ್ದೀ ಎಂದು ಕೇಳುತ್ತಾರೆ. ಬುಕೋಬಾದ ನರ್ಸು, ಇರಿಂಗಾದ ಬಡಗಿ, ಕಿಲಿಮಂಜಾರೋದ ಅಂಗಡಿಯವನು ಒಂದೇ ಕೂಟದಲ್ಲಿ ಕೂರುತ್ತಾರೆ. ಬೆಟ್ಟದಿಂದ ಹೊಸದಾಗಿ ಇಳಿದ ಹುಡುಗ ತನ್ನ ಸಭೆಯ ಪಾದ್ರಿ ಕೊಟ್ಟ ಪರಿಚಯ ಪತ್ರ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. ಪತ್ರವನ್ನು ಜೋರಾಗಿ ಓದುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಮುಂದಿನ ಪ್ರಶ್ನೆ ನಂಬಿಕೆಯ ಬಗ್ಗೆ ಇರುವುದಿಲ್ಲ.

“ಹಾಡ್ತೀಯಾ, ಮಗಾ?”

“ಮಂದ್ರ ಹಾಡ್ತೀನಿ, ಮಾಮಾ.”

“ಒಳ್ಳೇದಾಯ್ತು. ಗುರುವಾರ ಸಂಜೆ ಅಭ್ಯಾಸ ಇದೆ. ಬರುವಾಗ ಪಕ್ಕದ ಗಲ್ಲಿಯ ಮ್ಜೇಯನ್ನು ಕರ್ಕೊಂಡು ಬಾ, ಅವರಿಗೆ ಕತ್ತಲಲ್ಲಿ ಕಣ್ಣು ಕಾಣಲ್ಲ.”